ಅರೆಬರೆ ಜಪಾನೀ, ಅರ್ಧ ಪೆಗ್ ವಿಸ್ಕಿ

ಜಪಾನಿಗೆ ಕೆಲಸಕ್ಕೆಂದು ಹೊರಡುವ ನಮ್ಮ ಕಡೆಯ ಎಂಜಿನಿಯರುಗಳು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಎರಡೇ ಪ್ರಶ್ನೆ. ಭಾಷೆ ಎಷ್ಟು ಬಂದರೆ ಸಾಕು? ವಾಪಸ್ಸು ಬರುವಾಗ ಯಾವ ವಿಸ್ಕಿ ತರಬೇಕು? ಮೊದಲನೆಯದನ್ನು ಅಳುಕಿನಿಂದ ಕೇಳುತ್ತಾರೆ, ಎರಡನೆಯದನ್ನು ಹುಮ್ಮಸ್ಸಿನಿಂದ. ಒಸಾಕಾದಲ್ಲಿ ದುಡಿದ ವರ್ಷಗಳಲ್ಲಿ ನನಗೆ ಎರಡಕ್ಕೂ ಉತ್ತರ ಸಿಕ್ಕಿದ್ದು ಒಂದೇ ರೀತಿಯಲ್ಲಿ: ಸ್ವಲ್ಪವೇ ತಗೊಂಡು, ಗಮನವಿಟ್ಟು, ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದರಿಂದ. ಈಗಲೂ ನನ್ನ ಜಪಾನೀ ಅರೆಬರೆಯೇ. ಆದರೆ ಅದರಲ್ಲೇ ಸಂಸಾರ ಸಾಗಿದೆ, ಕೆಲಸ ನಡೆದಿದೆ, ಗೆಳೆತನ ಕೂಡಿದೆ. ಹೊಸದಾಗಿ ಹೊರಟವರಿಗೆ ಹೇಳಬೇಕೆನಿಸಿದ್ದನ್ನು ಇಲ್ಲಿ ಬರೆದಿದ್ದೇನೆ. ಕುಡಿಯದವರಿಗೂ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

1. ಭಾಷೆ ಬರಲಿ ಅಂತ ಕಾಯಬೇಡಿ, ನೋಟ್‌ಬುಕ್ ಇಲ್ಲದೆ ಹೋಗಬೇಡಿ

ಜಪಾನೀ ವಿಸ್ಕಿ ಹುಟ್ಟಿದ್ದೇ ಪರಭಾಷೆಯ ನಾಡಿನಲ್ಲಿ ಕೆಲಸ ಕಲಿತ ಒಬ್ಬ ಮನುಷ್ಯನಿಂದ. ಮಸತಾಕ ತಾಕೆತ್ಸುರು 1894ರಲ್ಲಿ ಹಿರೋಶಿಮಾ ಸೀಮೆಯ ತಾಕೆಹಾರಾದಲ್ಲಿ, ಸಾಕೆ ತಯಾರಿಸುವ ಮನೆತನದಲ್ಲಿ ಹುಟ್ಟಿದವರು. 1918ರಲ್ಲಿ, 24ನೇ ವಯಸ್ಸಿಗೆ, ಒಸಾಕಾದ ಒಂದು ಮದ್ಯದ ಕಂಪನಿ ಅವರನ್ನು ಸ್ಕಾಟ್ಲೆಂಡಿಗೆ ಕಳಿಸಿತು. ಗ್ಲಾಸ್ಗೋದಲ್ಲಿ ರಸಾಯನಶಾಸ್ತ್ರದ ಪಾಠ ಕೇಳಿದರು. ಆದರೆ ವಿಸ್ಕಿ ಮಾಡುವುದು ತರಗತಿಯಲ್ಲಿ ಬರುವ ವಿದ್ಯೆಯಲ್ಲ. 1919ರಲ್ಲಿ ಲಾಂಗ್‌ಮಾರ್ನ್ ಡಿಸ್ಟಿಲರಿಯಲ್ಲಿ ಕೆಲವು ದಿನ, 1920ರಲ್ಲಿ ಕ್ಯಾಂಬೆಲ್‌ಟೌನಿನ ಹೇಜಲ್‌ಬರ್ನ್‌ನಲ್ಲಿ ಕೆಲವು ತಿಂಗಳು ಕೆಲಸಗಾರರ ಜೊತೆ ನಿಂತು ಕಲಿತರು. ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದರು. ತಾಮ್ರದ ಹಂಡೆಯ ಆಕಾರ, ಕೊಳವೆಗಳು, ಅಳತೆಗಳನ್ನು ಚಿತ್ರ ಸಮೇತ ಇಳಿಸಿಕೊಂಡರು. ಮುಂದೆ ಜಪಾನಿನ ಮೊದಲ ಮಾಲ್ಟ್ ಡಿಸ್ಟಿಲರಿಗೆ ಆ ಪುಟಗಳೇ ಅಡಿಪಾಯವಾದವು.

ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಆ ಚಿತ್ರಗಳು. ಎದುರಿನವರ ಮಾತು ಪೂರ್ತಿ ತಿಳಿಯದೇ ಇದ್ದಾಗ ಕೈ ಮಾಡುವ ಕೆಲಸವನ್ನು ಕಣ್ಣು ಓದಬಹುದು, ಪೆನ್ಸಿಲು ಬರೆಯಬಹುದು. ಫ್ಯಾಕ್ಟರಿಯ ಮಹಡಿಯಲ್ಲಿ ನಾನು ನಡೆಸಿಕೊಂಡು ಬಂದದ್ದೂ ಇದೇ ಪದ್ಧತಿ: ಮೊದಲು ಯಂತ್ರದ ಚಿತ್ರ, ಅದರ ಭಾಗಗಳಿಗೆ ಬಾಣ, ಬಾಣದ ತುದಿಗೆ ಆ ಭಾಗವನ್ನು ಅಲ್ಲಿನವರು ಕರೆಯುವ ಹೆಸರು ಕನ್ನಡ ಅಕ್ಷರದಲ್ಲಿ. ಪಕ್ಕದ ಸಹೋದ್ಯೋಗಿ ಆ ಪುಟ ನೋಡಿದರೆ ತಾವಾಗಿಯೇ ಪೆನ್ನು ತೆಗೆದು ಇನ್ನೆರಡು ಬಾಣ ಹಾಕಿಕೊಡುತ್ತಾರೆ. ನೋಟ್‌ಬುಕ್ ಹಿಡಿದವನನ್ನು ಕಂಡರೆ ಕಲಿಸಬೇಕೆನಿಸುವ ಜನ ಅವರು.

2. ಮೊದಲು ಕತಕಾನ

ಹಿರಾಗಾನ, ಕತಕಾನ, ಕಾಂಜಿ ಎಂದು ಮೂರು ಲಿಪಿ. ದಿನಬಳಕೆಗೆ ಬೇಕೆಂದು ಸರ್ಕಾರ ಪಟ್ಟಿ ಮಾಡಿದ ಕಾಂಜಿಗಳೇ 2,136. ಪಠ್ಯಪುಸ್ತಕಗಳು ಹಿರಾಗಾನದಿಂದ ಶುರು ಮಾಡುತ್ತವೆ. ಸಮಯ ಕಡಿಮೆಯಿದ್ದ ಎಂಜಿನಿಯರಿಗೆ ನಾನು ಹೇಳುವುದು ಕತಕಾನ ಮೊದಲು. ಹೊರಗಿನಿಂದ ಬಂದ ಪದಗಳನ್ನು ಬರೆಯುವುದು ಅದರಲ್ಲೇ. ಸರ್ವರ್, ಎರರ್, ಟೆಸ್ಟ್, ಡೇಟಾ, ಸೆನ್ಸರ್ ಎಲ್ಲ ಕತಕಾನದಲ್ಲಿರುತ್ತವೆ. ಸಂಜೆ ಬಾರಿನ ಮೆನುವಿನಲ್ಲಿ ವಿಸ್ಕಿ, ಹೈಬಾಲ್, ರಾಕ್, ಸಿಂಗಲ್, ಡಬಲ್ ಕೂಡ. ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರೆ ‘ಉಇಸುಕೀ’ ಎಂದು ಬಂದದ್ದು ವಿಸ್ಕಿ ಅಂತ ಕಿವಿಗೇ ಗೊತ್ತಾಗುತ್ತದೆ. 46 ಅಕ್ಷರ, ಎರಡು ವಾರದ ಕೆಲಸ.

ನಮಗೆ ಇನ್ನೊಂದು ಅನುಕೂಲವಿದೆ. ಅವರ ವರ್ಣಮಾಲೆಯ ಸಾಲು ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯ ಜೊತೆ ಕೊಂಡೊಯ್ದ ಸಂಸ್ಕೃತದ ಅಕ್ಷರಕ್ರಮದ ಗುರುತು ಅದು. ಕ-ಕಿ-ಕು-ಕೆ-ಕೊ ಎಂದು ಕಾಗುಣಿತ ಒಪ್ಪಿಸಿ ಬೆಳೆದವರಿಗೆ ಆ ಕೋಷ್ಟಕ ಹೊಸದೆನಿಸುವುದೇ ಇಲ್ಲ.

ಕಾಂಜಿಯಲ್ಲಿ ಬೇಕಾದಷ್ಟನ್ನೇ ಆರಿಸಿಕೊಳ್ಳಿ. ನಿಮ್ಮ ವಿಭಾಗದ ಹೆಸರು, ನಿಲ್ಲಿಸು, ಅಪಾಯ, ಪರಿಶೀಲನೆ, ಒಪ್ಪಿಗೆ. ವಿಸ್ಕಿಗೆ ಸಂಬಂಧಿಸಿ ನೀರು, ಬಿಸಿನೀರು, ವರ್ಷ, ಪೀಪಾಯಿ, ಬೆಟ್ಟ. ಇಷ್ಟು ಬಂದರೆ ಮೆನುವಿನ ಮುಕ್ಕಾಲು ಪಾಲು ಬಾಯಿ ಬಿಡುತ್ತದೆ.

3. ಕನ್ನಡದಿಂದ ನೇರವಾಗಿ ಹೋಗಿ, ನಡುವೆ ಇಂಗ್ಲಿಷ್ ಬೇಡ

ಇದು ನನ್ನ ಅತ್ಯಂತ ಖಚಿತವಾದ ನಂಬಿಕೆ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ. ನಾವು ಜಪಾನೀ ಕಲಿಯುವುದು ಇಂಗ್ಲಿಷ್ ಪುಸ್ತಕಗಳಿಂದ. ಆ ಪುಸ್ತಕಗಳು ಇಂಗ್ಲಿಷ್ ಮಾತಾಡುವವರಿಗೆ ಎಲ್ಲಿ ಕಷ್ಟವೋ ಅಲ್ಲಿ ಹತ್ತು ಪುಟ ವಿವರಿಸುತ್ತವೆ. ನಾವೂ ಸುಮ್ಮನೆ ಅದು ಕಷ್ಟ ಅಂತ ಒಪ್ಪಿಕೊಂಡು ಕೂರುತ್ತೇವೆ. ಕನ್ನಡಿಗನಿಗೆ ಅದು ಕಷ್ಟವೇ ಅಲ್ಲ.

‘ಉಇಸುಕೀ ಒ ಮಿಜು ದೆ ವತ್ತೆ ನೊಮು’ ಎಂಬ ವಾಕ್ಯ ನೋಡಿ. ವಿಸ್ಕಿಯನ್ನು, ನೀರಿನಿಂದ, ತಿಳಿಮಾಡಿ, ಕುಡಿಯುತ್ತೇನೆ. ಪದದ ಸ್ಥಾನ ಒಂದೂ ಅಲುಗಲಿಲ್ಲ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಬೆನ್ನಿಗೆ. ಜೋಡಿ ಕ್ರಿಯಾಪದಗಳಿಗೆ ಬಂದರಂತೂ ಇನ್ನೂ ಹತ್ತಿರ. ‘ನೊಂದೆ ಮಿರು’ ಅಂದರೆ ಕುಡಿದು ನೋಡು. ‘ಕತ್ತೆ ಒಕು’ ಅಂದರೆ ಕೊಂಡು ಇಡು. ‘ತ್ಸುಕುತ್ತೆ ಕುರೆರು’ ಅಂದರೆ ಮಾಡಿ ಕೊಡು. ಯಾರೋ ಏನೋ ಹೇಳಿದರು ಎನ್ನುವಾಗ ನಾವು ‘ಅಂತ’ ಹಾಕುವ ಜಾಗದಲ್ಲಿ ಅವರು ‘ತೊ’ ಹಾಕುತ್ತಾರೆ. ಸಂಟೋರಿಯ ಸ್ಥಾಪಕ ಶಿಂಜಿರೊ ತೊರಿಯಿ ಅವರ ‘ಯತ್ತೆ ಮಿನಹಾರೆ’ ಎಂಬ ಒಸಾಕಾ ಬೆಡಗಿನ ಮಾತು ಆ ಕಂಪನಿಯ ಧ್ಯೇಯವಾಕ್ಯವೇ ಆಗಿದೆ. ಇಂಗ್ಲಿಷಿಗೆ ತರಲು ಒದ್ದಾಡಬೇಕು. ನಮಗೆ ಅದು ‘ಮಾಡಿ ನೋಡಿ’, ಅಷ್ಟೇ.

ಅದಕ್ಕೇ ಹೇಳುವುದು: ವಾಕ್ಯ ಕಟ್ಟುವಾಗ ತಲೆಯಲ್ಲಿ ಮೊದಲು ಕನ್ನಡದಲ್ಲಿ, ಅದೂ ಮನೆಯ ಕನ್ನಡದಲ್ಲಿ ಅಂದುಕೊಳ್ಳಿ. ಆಮೇಲೆ ಪದಗಳನ್ನು ಒಂದೊಂದಾಗಿ ಬದಲಿಸಿ. ಗೌರವದ ಮಾತು ಮಾತ್ರ ಬೇರೆಯೇ ಲೋಕ, ಅದಕ್ಕೆ ವರ್ಷಗಳು ಬೇಕು. ಅಲ್ಲಿಯವರೆಗೆ ‘ದೆಸು’, ‘ಮಸು’ ಎಂದು ಮುಗಿಯುವ ಸಭ್ಯ ರೂಪ ಹಿಡಿದುಕೊಂಡರೆ ಯಾರಿಗೂ ಬೇಸರವಾಗುವುದಿಲ್ಲ.

4. ಹತ್ತು ಬಾರ್ ಸುತ್ತಬೇಡಿ

ಒಂದನ್ನು ಆರಿಸಿಕೊಳ್ಳಿ. ಜಪಾನಿನ ವಿಸ್ಕಿ ಬಾರುಗಳು ಬಹಳ ಚಿಕ್ಕವು. ಎಂಟು ಹತ್ತು ಕುರ್ಚಿ, ಒಂದು ಉದ್ದನೆಯ ಮರದ ಕೌಂಟರು, ಅದರ ಹಿಂದೆ ಒಬ್ಬರೇ ಇರುವುದೂ ಉಂಟು. ಅವರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಾರೆ. ವಾರಕ್ಕೊಮ್ಮೆ ಅದೇ ಕುರ್ಚಿಗೆ ಹೋಗಿ ಕೂತರೆ ನಾಲ್ಕನೇ ವಾರಕ್ಕೆ ನಿಮ್ಮ ಊರು ಯಾವುದು, ಏನು ತಿನ್ನುತ್ತೀರಿ, ಹೋದ ವಾರ ಏನು ಕುಡಿದಿರಿ ಎಲ್ಲ ಅವರಿಗೆ ನೆನಪಿರುತ್ತದೆ. ಅಲ್ಲಿಂದ ನಿಮ್ಮ ಭಾಷೆ ಬೆಳೆಯಲು ಶುರು. ಹೊಸ ಜಾಗಕ್ಕೆ ಹೋದಾಗಲೆಲ್ಲ ಹೆಸರು, ಊರು, ಕೆಲಸ ಎಂಬ ಅದೇ ಮೂರು ವಾಕ್ಯ ಒಪ್ಪಿಸಬೇಕಾಗುತ್ತದೆ. ಹಳೆಯ ಜಾಗದಲ್ಲಿ ಆ ಮೂರು ಮುಗಿದಿರುವುದರಿಂದ ನಾಲ್ಕನೆಯದನ್ನು ಹೇಳದೆ ವಿಧಿಯಿಲ್ಲ.

ರುಚಿಯ ಬಗ್ಗೆ ಮಾತಾಡಲು ಬೇಕಾಗುವ ಪದಗಳೂ ಕಡಿಮೆ. ಸಿಹಿಗೆ ‘ಅಮಾಯ್’, ಹಗುರಕ್ಕೆ ‘ಕರುಯ್’, ಭಾರಕ್ಕೆ ‘ಒಮೊಯ್’, ಹೊಗೆಗೆ ‘ಕೆಮುರಿ’. ಇವುಗಳ ಮುಂದೆ ‘ಮೊತ್ತೊ’ ಸೇರಿಸಿದರೆ ಇನ್ನೂ ಜಾಸ್ತಿ ಎಂದಾಯಿತು. ಇಷ್ಟರಲ್ಲೇ ಮಾಸ್ಟರ್ ನಿಮ್ಮನ್ನು ಕಪಾಟಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಕರೆದುಕೊಂಡು ಹೋಗಬಲ್ಲರು. ಸಿಂಗಲ್ ಎಂದರೆ 30 ಎಂ.ಎಲ್. ಅನೇಕ ಬಾರುಗಳಲ್ಲಿ ‘ಹಾಫ್’ ಎಂದರೆ ಅದರ ಅರ್ಧವನ್ನೂ ಕೊಡುತ್ತಾರೆ. ಕಲಿಯುವವರಿಗೆ 15 ಎಂ.ಎಲ್.ನ ಆ ಅರ್ಧ ಪೆಗ್ಗಿನಷ್ಟು ಒಳ್ಳೆಯ ವ್ಯವಸ್ಥೆ ಇನ್ನೊಂದಿಲ್ಲ. ಅರ್ಧ ಹಣ, ಅರ್ಧ ಅಮಲು, ಎರಡು ವಿಸ್ಕಿ ಪಕ್ಕಪಕ್ಕ ಇಟ್ಟು ಹೋಲಿಸುವ ಅವಕಾಶ.

ಲೆಕ್ಕದ ಬಗ್ಗೆ ಒಂದು ಮಾತು. ಕೂತ ತಕ್ಷಣ ನೀವು ಹೇಳದೆಯೇ ಒಂದು ಸಣ್ಣ ಬಟ್ಟಲಲ್ಲಿ ನೆಂಚಿಕೊಳ್ಳಲು ಏನಾದರೂ ಬರುತ್ತದೆ. ಇದು ‘ಒತೋಶಿ’. ಅದರ ದುಡ್ಡು ಬಿಲ್ಲಿನಲ್ಲಿ ಸೇರಿರುತ್ತದೆ. ಕೆಲವು ಬಾರಿನಲ್ಲಿ ಕೂತ ಜಾಗಕ್ಕೂ ದರವಿದೆ. ಮೋಸವಲ್ಲ, ಪದ್ಧತಿ. ಬದಲಿಗೆ ಟಿಪ್ಸ್ ಎಂಬುದೇ ಇಲ್ಲ. ಬಿಟ್ಟು ಬಂದರೆ ಮರೆತು ಹೋದಿರಿ ಎಂದು ಹಿಂದೆಯೇ ಓಡಿ ಬಂದು ಕೊಡುತ್ತಾರೆ.

5. ಅಗ್ಗದ ವಿಸ್ಕಿಯನ್ನು ಮೊದಲು ಸರಿಯಾಗಿ ಕುಡಿಯಲು ಕಲಿಯಿರಿ

ಹೊಸಬರು ಬಂದಿಳಿದ ದಿನವೇ ಯಮಾಜಾಕಿ 18 ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾರೆ. ಅಲ್ಲಿನ ಜನ ದಿನವೂ ಕುಡಿಯುವುದು ಅದನ್ನಲ್ಲ. ಅವರ ಮೇಜಿನ ಮೇಲಿರುವುದು 1937ರಿಂದ ಬರುತ್ತಿರುವ ಆಮೆಚಿಪ್ಪಿನ ಗೆರೆಯ ಚೌಕ ಬಾಟಲಿಯ ಕಾಕುಬಿನ್, ಅಥವಾ ಬ್ಲ್ಯಾಕ್ ನಿಕ್ಕಾ. ಅದನ್ನು ಕುಡಿಯುವ ರೀತಿಯಲ್ಲೇ ಜಪಾನಿನ ವಿಸ್ಕಿಯ ಸ್ವಭಾವ ತಿಳಿಯುತ್ತದೆ.

ಹೈಬಾಲ್ ಎಂದರೆ ವಿಸ್ಕಿ ಮತ್ತು ಸೋಡಾ, ಗೊತ್ತಿರುವುದೇ. ಆದರೆ ಮಾಡುವ ಕ್ರಮ ನೋಡಿ. ಎತ್ತರದ ಗ್ಲಾಸಿನ ತುಂಬ ಐಸ್ ಹಾಕಿ ಕಲಕಿ ಗ್ಲಾಸನ್ನೇ ತಣ್ಣಗೆ ಮಾಡುತ್ತಾರೆ. ಕರಗಿದ ನೀರು ಚೆಲ್ಲುತ್ತಾರೆ. ಕಡಿಮೆಯಾದ ಐಸ್ ಮತ್ತೆ ತುಂಬುತ್ತಾರೆ. ವಿಸ್ಕಿ ಹಾಕಿ ಚೆನ್ನಾಗಿ ಕಲಕುತ್ತಾರೆ. ಫ್ರಿಜ್ಜಿನಿಂದ ಆಗ ತಾನೇ ತೆಗೆದ ಸೋಡಾವನ್ನು ಐಸಿಗೆ ತಾಗದಂತೆ ಸಂದಿಯಲ್ಲಿ ಮೆಲ್ಲಗೆ ಇಳಿಸುತ್ತಾರೆ, ಒಂದು ಪಾಲು ವಿಸ್ಕಿಗೆ ಮೂರರಿಂದ ನಾಲ್ಕು ಪಾಲು. ಕೊನೆಗೆ ಚಮಚವನ್ನು ಒಂದೇ ಸಲ ಕೆಳಗಿನಿಂದ ಮೇಲಕ್ಕೆ ಎತ್ತಿ ಬಿಡುತ್ತಾರೆ. ಜಾಸ್ತಿ ಕಲಕಿದರೆ ಸೋಡಾದ ಗ್ಯಾಸು ಹೋಗುತ್ತದೆ. ಇಷ್ಟಾದ ಮೇಲೆ ಅದೇ ಅಗ್ಗದ ವಿಸ್ಕಿ ಬೇರೆಯೇ ಪಾನೀಯವಾಗಿರುತ್ತದೆ.

ಮಿಜುವಾರಿ ಎಂದರೆ ನೀರು ಬೆರೆಸಿದ್ದು, ಒಂದಕ್ಕೆ ಎರಡರಿಂದ ಎರಡೂವರೆ ಪಾಲು. ಒಯುವಾರಿ ಬಿಸಿನೀರಿನದು, ಹೊಕ್ಕಾಯ್ಡೋದ ಚಳಿಗೆ ಹೇಳಿ ಮಾಡಿಸಿದ್ದು. ಟ್ವೈಸ್ ಅಪ್ ಎಂದರೆ ಐಸ್ ಇಲ್ಲದೆ ವಿಸ್ಕಿಯಷ್ಟೇ ನೀರು. ಪರಿಮಳ ತಿಳಿಯಬೇಕಾದರೆ ಇದೇ ಸರಿ, ವಿಸ್ಕಿ ಬೆರೆಸುವ ಪರಿಣತರು ಮೂಸಿ ನೋಡುವುದೂ ಹೀಗೆ ನೀರು ಸೇರಿಸಿಯೇ. ನೀರು ಹಾಕಿದರೆ ವಿಸ್ಕಿ ಕೆಟ್ಟಿತು ಎನ್ನುವ ಗಂಡಸ್ತನದ ಮಾತನ್ನು ನಮ್ಮಲ್ಲಿ ಕೇಳಿ ಬೆಳೆದವರು ಅದನ್ನು ವಿಮಾನ ನಿಲ್ದಾಣದಲ್ಲೇ ಬಿಡುವುದು ಒಳ್ಳೆಯದು. ಊಟದ ಜೊತೆ ಕುಡಿಯುವ ನಾಡಿನಲ್ಲಿ ವಿಸ್ಕಿ ಊಟಕ್ಕೆ ತಕ್ಕಂತೆ ಹಗುರಾಯಿತು. 1929ರಲ್ಲಿ ಬಂದ ಮೊದಲ ಜಪಾನೀ ವಿಸ್ಕಿ ‘ಶಿರೊಫುದಾ’ ಸ್ಕಾಟ್ಲೆಂಡಿನ ಹೊಗೆಯ ರುಚಿಯನ್ನು ಹೊತ್ತು ಬಂದಿತ್ತು, ಜನ ಒಪ್ಪಲಿಲ್ಲ. ಎಂಟು ವರ್ಷದ ನಂತರ ಅವರ ನಾಲಗೆಗೆ ಹೊಂದಿಸಿ ಮಾಡಿದ ಕಾಕುಬಿನ್ ನೆಲೆ ನಿಂತಿತು.

6. ಮೀಟಿಂಗಿನ ನಡಾವಳಿ ನೀವೇ ಬರೆಯಿರಿ

ಭಾಷೆ ಕಡಿಮೆಯಿರುವವನು ಸಾಮಾನ್ಯವಾಗಿ ಈ ಕೆಲಸದಿಂದ ತಪ್ಪಿಸಿಕೊಳ್ಳುತ್ತಾನೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ, ಕೇಳಿ ಪಡೆದುಕೊಳ್ಳಿ. ಹಿಂದಿನ ದಿನವೇ ಚರ್ಚೆಯ ವಿಷಯಗಳನ್ನು ಬರೆದು ಕಳಿಸಿ. ಪ್ರಶ್ನೆಗಳು ಅಂಕಿಯಲ್ಲೋ ತಾರೀಖಿನಲ್ಲೋ ಉತ್ತರಿಸುವಂತಿರಲಿ. ಮೀಟಿಂಗ್ ಮುಗಿದ ಅರ್ಧ ಗಂಟೆಯೊಳಗೆ ಯಾರು, ಏನು, ಯಾವಾಗ ಎಂಬ ಮೂರು ಅಂಕಣದ ಪಟ್ಟಿ ಮಾಡಿ ಒಬ್ಬ ಹಿರಿಯ ಸಹೋದ್ಯೋಗಿಗೆ ತೋರಿಸಿ. ಅವರು ತಿದ್ದಿದ ಸಾಲುಗಳೇ ನಿಮ್ಮ ಪಾಠ. ಅದು ಎಲ್ಲರಿಗೂ ಹೋದ ಮೇಲೆ ನಿಮಗೆ ತಿಳಿಯದೆ ಉಳಿದದ್ದು ಏನೂ ಇರುವುದಿಲ್ಲ.

ಮೀಟಿಂಗಿನುದ್ದಕ್ಕೂ ಕೇಳಿಬರುವ ‘ಹಾಯ್, ಹಾಯ್’ ಒಪ್ಪಿಗೆಯಲ್ಲ, ಕಥೆ ಕೇಳುವಾಗ ನಾವು ಹೂಂಗುಟ್ಟುವಂಥದ್ದು. ‘ಸ್ವಲ್ಪ ಕಷ್ಟ’ ಎಂದು ತಲೆ ವಾಲಿಸಿದರೆ ಅದು ಆಗುವುದಿಲ್ಲ ಎಂದೇ. ಮತ್ತೆ ಒತ್ತಾಯಿಸಬಾರದು, ಯಾವುದು ಬದಲಾದರೆ ಆದೀತು ಎಂದು ಕೇಳಬೇಕು. ವರದಿ ಮಾಡು, ತಿಳಿಸು, ಸಲಹೆ ಕೇಳು ಎಂಬ ಮೂರನ್ನು ಸೇರಿಸಿ ಅಲ್ಲಿ ‘ಹೋರೆನ್ಸೋ’ ಎನ್ನುತ್ತಾರೆ. ಅಲ್ಪ ಭಾಷೆಯವರಿಗೆ ಇದು ವರ. ದಿನಕ್ಕೆರಡು ಸಲ ಎರಡೆರಡು ಸಾಲು ಬರೆದರೂ ಸಾಕು, ಉದ್ದ ವಿವರಣೆ ಕೊಡುವ ಪ್ರಸಂಗವೇ ಬರುವುದಿಲ್ಲ.

ಅನುವಾದದ ಯಂತ್ರಗಳ ಬಗ್ಗೆ: ಮೇಲ್ ಓದಲು ಚೆನ್ನಾಗಿ ಒದಗುತ್ತವೆ. ಆದರೆ ಜಪಾನಿಯಲ್ಲಿ ಕರ್ತೃಪದವನ್ನು ಬಿಟ್ಟು ಬರೆಯುವುದೇ ರೂಢಿ, ಯಂತ್ರ ಅದನ್ನು ಊಹಿಸಿ ತುಂಬುತ್ತದೆ. ನೀವು ಮಾಡಬೇಕಾದ್ದು ಅವರು ಮಾಡುತ್ತಾರೆ ಎಂದಾಗಿಬಿಡಬಹುದು. ‘ಯಾರು’ ಎಂಬುದನ್ನು ಮಾತ್ರ ಪ್ರತಿ ಸಲವೂ ಕೇಳಿ ಖಚಿತ ಮಾಡಿಕೊಳ್ಳಿ. ಕಂಪನಿಯ ಗುಟ್ಟಿನ ಕಾಗದಗಳನ್ನು ಹೊರಗಿನ ಸೇವೆಗಳಿಗೆ ಹಾಕಬಾರದೆಂಬುದನ್ನು ಹೇಳಬೇಕಾಗಿಲ್ಲ.

7. ನೊಮಿಕಾಯ್‌ಗೆ ಹೋಗಿ, ಕುಡಿಯದಿದ್ದರೂ

ಕಚೇರಿಯವರೆಲ್ಲ ಸೇರಿ ಕುಡಿಯುವ ಕೂಟ ನೊಮಿಕಾಯ್. ಎಲ್ಲರ ಕೈಗೂ ಗ್ಲಾಸ್ ಬಂದು ‘ಕಂಪಾಯ್’ ಎನ್ನುವವರೆಗೆ ಯಾರೂ ತುಟಿಗಿಡುವುದಿಲ್ಲ. ಬಾಟಲಿಯಿಂದ ಪಕ್ಕದವರಿಗೆ ನೀವು ಸುರಿಯಬೇಕು, ನಿಮಗೆ ಅವರು. ಹಿರಿಯರಿಗೆ ಎರಡೂ ಕೈ ಹಿಡಿದು. ನಮ್ಮ ಮದುವೆ ಮನೆಗಳಲ್ಲಿ ಬಡಿಸಿ ಬೆಳೆದವರಿಗೆ ಇದು ಸಹಜವಾಗಿ ಬರುತ್ತದೆ.

ಕುಡಿಯದವರು ಊಲಾಂಗ್ ಚಹಾ ಹಿಡಿದು ಕೂರಬಹುದು, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮದ್ಯವನ್ನು ಅರಗಿಸುವ ಒಂದು ಕಿಣ್ವದ ಶಕ್ತಿ ಬಹಳಷ್ಟು ಜಪಾನೀಯರಲ್ಲಿ ಹುಟ್ಟಿನಿಂದಲೇ ಕಡಿಮೆ. ಒಂದೇ ಗ್ಲಾಸಿಗೆ ಮುಖ ಕೆಂಪಗಾಗುವ ಸಹೋದ್ಯೋಗಿಗಳು ಪ್ರತಿ ಮೇಜಿನಲ್ಲೂ ಇರುತ್ತಾರೆ. ಅವರಿಗೆ ಇನ್ನೊಂದು ಗ್ಲಾಸ್ ಎಂದು ಒತ್ತಾಯಿಸುವುದು ಸಲಿಗೆಯಲ್ಲ, ಕಿರುಕುಳ. ಈಗ ಕಚೇರಿಗಳೂ ಹಾಗೇ ಪರಿಗಣಿಸುತ್ತವೆ.

ಈ ಕೂಟಗಳಲ್ಲಿ ಜನ ಮನಸ್ಸು ಬಿಚ್ಚುತ್ತಾರೆ. ಹಗಲಲ್ಲಿ ಹೇಳದ ಅಭಿಪ್ರಾಯ, ಯೋಜನೆಯ ಬಗೆಗಿನ ಅನುಮಾನ ಎಲ್ಲ ಬರುತ್ತದೆ. ಕೇಳಿಸಿಕೊಳ್ಳಿ. ಮಾರನೆಯ ದಿನದ ಮೀಟಿಂಗಿನಲ್ಲಿ ‘ನಿನ್ನೆ ನೀವು ಹೀಗಂದಿರಿ’ ಎನ್ನಬೇಡಿ. ಬೆಳಿಗ್ಗೆ ಎದ್ದು ‘ನಿನ್ನೆ ಬಹಳ ಧನ್ಯವಾದ’ ಎಂಬ ಒಂದು ವಾಕ್ಯ ಹೇಳಿದರೆ ಸಾಕು.

8. ಲೇಬಲನ್ನು ಓದದೆ ದುಡ್ಡು ತೆಗೆಯಬೇಡಿ

ಜಪಾನಿನಲ್ಲಿ ವಿಸ್ಕಿ ಕುಡಿಯುವುದು 1983ರಲ್ಲಿ ತುತ್ತತುದಿಗೆ ಹೋಗಿ ಆಮೇಲೆ ಕಾಲು ಶತಮಾನ ಇಳಿಯುತ್ತಲೇ ಹೋಯಿತು. ಕಾರುಯಿಜಾವಾ, ಹಾನ್ಯು ಡಿಸ್ಟಿಲರಿಗಳು 2000ದಲ್ಲಿ ಬಟ್ಟಿ ಇಳಿಸುವುದನ್ನೇ ನಿಲ್ಲಿಸಿದವು. ಹಾನ್ಯುವಿನ ಒಡೆಯರ ಮನೆತನದ ಇಚಿರೊ ಅಕುತೊ ಉಳಿದ ಪೀಪಾಯಿಗಳನ್ನು ಕಾಪಾಡಿಕೊಂಡು 2008ರಲ್ಲಿ ಚಿಚಿಬುವಿನಲ್ಲಿ ತಮ್ಮದೇ ಸಣ್ಣ ಡಿಸ್ಟಿಲರಿ ಶುರು ಮಾಡಿದರು. ಅದೇ ಹೊತ್ತಿಗೆ ಹೈಬಾಲ್ ಮತ್ತೆ ಜನಪ್ರಿಯವಾಯಿತು. ವಿಸ್ಕಿ ವಿಮರ್ಶಕ ಜಿಮ್ ಮರ್ರೆಯವರ 2015ರ ವಿಸ್ಕಿ ಬೈಬಲ್ ಯಮಾಜಾಕಿ ಶೆರಿ ಕಾಸ್ಕ್ 2013 ಅನ್ನು ಜಗತ್ತಿನ ಅತ್ಯುತ್ತಮ ಎಂದಿತು. ಎಲ್ಲರಿಗೂ ಒಟ್ಟಿಗೆ ಬೇಕಾಯಿತು. ಆದರೆ 12 ವರ್ಷದ ವಿಸ್ಕಿ ಮಾಡಲು 12 ವರ್ಷ ಬೇಕೇ ಬೇಕು, ಬೇಡಿಕೆ ಇಲ್ಲದ ಕಾಲದಲ್ಲಿ ತುಂಬಿಟ್ಟ ಪೀಪಾಯಿಗಳು ಕಡಿಮೆ. 2015ರಲ್ಲಿ ತಾಕೆತ್ಸುರು ಕಟ್ಟಿದ ನಿಕ್ಕಾ ಕಂಪನಿ ತನ್ನ ಯೊಯಿಚಿ, ಮಿಯಾಗಿಕ್ಯೊ ವಿಸ್ಕಿಗಳ ಮೇಲಿನ ವಯಸ್ಸಿನ ಅಂಕಿಯನ್ನು ತೆಗೆಯಿತು. 2018ರಲ್ಲಿ ಸಂಟೋರಿಯ ಹಿಬಿಕಿ 17, ಹಾಕುಶು 12 ಮಾರಾಟ ನಿಂತಿತು. ಹಾಕುಶು ಆಮೇಲೆ ಮರಳಿತು. ಯಮಾಜಾಕಿ 12ರ ಕಂಪನಿ ದರ 2024ರ ಏಪ್ರಿಲ್‌ನಲ್ಲಿ ತೆರಿಗೆ ಬಿಟ್ಟು 10,000 ಯೆನ್‌ನಿಂದ 15,000ಕ್ಕೆ ಏರಿತು. ಅಂಗಡಿಗಳಲ್ಲಿ ಆ ದರಕ್ಕೂ ಸಿಗುವುದು ಅಪರೂಪ.

ಈ ಅಭಾವದಲ್ಲಿ ಹೊರದೇಶದ ವಿಸ್ಕಿ ತರಿಸಿ, ಜಪಾನೀ ಹೆಸರಿಟ್ಟು ತುಂಬಿದ ಬಾಟಲಿಗಳೂ ಬಂದವು. ಕಾನೂನಿನಲ್ಲಿ ಅದಕ್ಕೆ ತಡೆ ಇರಲಿಲ್ಲ. ಕೊನೆಗೆ ತಯಾರಕರ ಸಂಘವೇ 2021ರ ಏಪ್ರಿಲ್‌ನಿಂದ ಒಂದು ಮಾನದಂಡ ತಂದು, 2024ರ ಮಾರ್ಚ್ ಕೊನೆಯವರೆಗೆ ಹೊಂದಿಕೊಳ್ಳಲು ಸಮಯ ಕೊಟ್ಟಿತು. ಮೊಳಕೆ ಕಟ್ಟಿದ ಧಾನ್ಯ ಬಳಸಬೇಕು, ನೀರು ಜಪಾನಿನದಾಗಿರಬೇಕು, ಹುದುಗಿಸುವುದು, ಬಟ್ಟಿ ಇಳಿಸುವುದು, ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡುವುದು, ಬಾಟಲಿಗೆ ತುಂಬುವುದು ಎಲ್ಲ ಅಲ್ಲೇ ಆಗಬೇಕು, ಮದ್ಯಸಾರ ಶೇ. 40ಕ್ಕಿಂತ ಕೆಳಗಿಳಿಯಬಾರದು. ಆದ್ದರಿಂದ ಚೆರಿ ಹೂವು, ಸಮುರಾಯ್ ಚಿತ್ರ ನೋಡಿ ಮರುಳಾಗಬೇಡಿ. ‘ಜಪಾನೀಸ್ ವಿಸ್ಕಿ’ ಎಂಬ ಎರಡು ಪದ ಲೇಬಲ್ಲಿನಲ್ಲಿದೆಯೇ ನೋಡಿ.

ಹಾಗೆಂದು ಆ ಪದ ಇಲ್ಲದ್ದೆಲ್ಲ ಕೀಳೆಂದಲ್ಲ. 1985ರಿಂದ ಬರುತ್ತಿರುವ ನಿಕ್ಕಾ ಫ್ರಮ್ ದ ಬ್ಯಾರಲ್ ಈ ಮಾನದಂಡಕ್ಕೆ ಪೂರ್ತಿ ಹೊಂದುವುದಿಲ್ಲ ಎಂದು ಕಂಪನಿಯೇ ತಿಳಿಸಿದೆ. ಶೇ. 51.4ರ ಆ ಚಿಕ್ಕ ಚೌಕ ಬಾಟಲಿ ನನ್ನ ಮಟ್ಟಿಗೆ ಆ ದೇಶದಲ್ಲಿ ಕೊಟ್ಟ ದುಡ್ಡಿಗೆ ಅತ್ಯುತ್ತಮ ವಿಸ್ಕಿ.

9. ಒಂದು ಭಾನುವಾರ ಯಮಾಜಾಕಿಗೆ, ಒಂದು ರಜೆ ಯೊಯಿಚಿಗೆ

ಯಮಾಜಾಕಿ ಒಸಾಕಾದಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ, ಕ್ಯೋತೊ ಗಡಿಗೆ ಅಂಟಿಕೊಂಡಿದೆ. ಎರಡು ಪ್ರಾಂತ್ಯಗಳ ಗಡಿ ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೇ ಹಾದುಹೋಗುತ್ತದೆ. ಕಾತ್ಸುರಾ, ಉಜಿ, ಕಿಜು ನದಿಗಳು ಕೂಡುವ ಜಾಗ, ತೇವದ ಗಾಳಿ, ಒಳ್ಳೆಯ ನೀರು. ಚಹಾ ಆಚಾರ್ಯ ಸೆನ್ ನೊ ರಿಕ್ಯು ಕಟ್ಟಿದ್ದೆಂದು ನಂಬಿರುವ ತಾಯ್‌ಆನ್ ಎಂಬ ಪುಟ್ಟ ಚಹಾ ಕೋಣೆ ನಿಲ್ದಾಣದ ಪಕ್ಕದಲ್ಲೇ ಇದೆ. ತೊರಿಯಿ ಇಲ್ಲಿ 1923ರಲ್ಲಿ ಡಿಸ್ಟಿಲರಿ ಕಟ್ಟಲು ಶುರು ಮಾಡಿ, ಸ್ಕಾಟ್ಲೆಂಡಿನಿಂದ ಮರಳಿದ್ದ ತಾಕೆತ್ಸುರು ಅವರನ್ನು ಕರೆತಂದರು. ಒಳಗೆ ಗಮನಿಸಬೇಕಾದ್ದು ತಾಮ್ರದ ಹಂಡೆಗಳ ಆಕಾರ: ಒಂದರಂತೆ ಇನ್ನೊಂದಿಲ್ಲ. ಸ್ಕಾಟ್ಲೆಂಡಿನಲ್ಲಿ ಕಂಪನಿಗಳು ತಮ್ಮತಮ್ಮಲ್ಲಿ ಪೀಪಾಯಿ ವಿನಿಮಯ ಮಾಡಿಕೊಂಡು ಬ್ಲೆಂಡ್ ಕಟ್ಟುತ್ತವೆ. ಜಪಾನಿನಲ್ಲಿ ಆ ವಾಡಿಕೆ ಬೆಳೆಯಲಿಲ್ಲ. ಹಾಗಾಗಿ ಹಗುರ, ಭಾರ, ಹೊಗೆ, ಹಣ್ಣು ಎಲ್ಲ ಬಗೆಯನ್ನೂ ಒಂದೇ ಸೂರಿನಡಿ ತಾವೇ ಮಾಡಿಕೊಳ್ಳಬೇಕಾಯಿತು. ಒಳಹೋಗಲು ಮುಂಚಿತವಾಗಿ ನೋಂದಾಯಿಸಬೇಕು, ನೆನಪಿರಲಿ.

ಅಲ್ಲಿ ಸಾಧ್ಯವಾದರೆ ಮಿಜುನಾರಾ ಪೀಪಾಯಿಯ ವಿಸ್ಕಿ ಅರ್ಧ ಪೆಗ್ ಕೇಳಿ. ಇದು ಜಪಾನಿನದೇ ಓಕ್ ಮರ. ಯುದ್ಧಕಾಲದಲ್ಲಿ ಹೊರಗಿನ ಪೀಪಾಯಿ ಸಿಗದೆ ಇದನ್ನು ಬಳಸಿದರು. ನಿಧಾನವಾಗಿ ಬೆಳೆಯುತ್ತದೆ, ಸೋರುತ್ತದೆ, ಮಾಗಲು ದಶಕಗಳೇ ಬೇಕು. ಮಾಗಿದ ಮೇಲೆ ಬರುವ ಪರಿಮಳವನ್ನು ಕನ್ನಡಿಗರಿಗೆ ವಿವರಿಸುವ ಅಗತ್ಯವಿಲ್ಲ: ದೇವರ ಕೋಣೆಯಲ್ಲಿ ಗಂಧದ ಕೊರಡು ತೇಯ್ದಾಗಿನ ಪರಿಮಳವೇ.

ಯೊಯಿಚಿ ಹೊಕ್ಕಾಯ್ಡೋದಲ್ಲಿದೆ, ಸಪ್ಪೊರೊದಿಂದ ಒತಾರು ದಾಟಿ ಹೋಗಬೇಕು. ತೊರಿಯಿ ಜೊತೆಗಿನ ಹತ್ತು ವರ್ಷದ ಕರಾರು ಮುಗಿಸಿ 1934ರಲ್ಲಿ ಹೊರಬಂದ ತಾಕೆತ್ಸುರು ಸ್ಕಾಟ್ಲೆಂಡಿನಂಥ ಚಳಿ ಹುಡುಕಿಕೊಂಡು ಅಲ್ಲಿಗೆ ಹೋದರು. ವಿಸ್ಕಿ ಮಾಗುವವರೆಗೆ ಸೇಬಿನ ರಸ ಮಾರಿದರು. ಮೊದಲ ನಿಕ್ಕಾ ವಿಸ್ಕಿ ಬಂದದ್ದು 1940ರಲ್ಲಿ. ಹಂಡೆಗೆ ಈಗಲೂ ಕಲ್ಲಿದ್ದಲಿನ ಬೆಂಕಿ. ಅವರ ಹೆಂಡತಿ ರೀಟಾ ಸ್ಕಾಟ್ಲೆಂಡಿನವರು, 1920ರಲ್ಲಿ ಮದುವೆಯಾಗಿ ಗಂಡನ ಜೊತೆ ಬಂದವರು. ಭಾಷೆ ಗೊತ್ತಿಲ್ಲದ ನಾಡಿಗೆ ಬಂದು, ಇಂಗ್ಲಿಷ್ ಪಾಠ ಹೇಳಿ ಮನೆ ನಡೆಸಲು ನೆರವಾಗಿ, ಜಪಾನೀ ಅಡುಗೆ, ಮಾತು ಎಲ್ಲ ಕಲಿತು, ಯುದ್ಧದ ವರ್ಷಗಳಲ್ಲಿ ಗೂಢಚಾರಿಣಿ ಎಂಬ ಸಂಶಯವನ್ನೂ ಸಹಿಸಿ 1961ರಲ್ಲಿ ಅಲ್ಲೇ ತೀರಿಕೊಂಡರು. ರೀಟಾ ಮತ್ತು 1979ರಲ್ಲಿ ತೀರಿದ ತಾಕೆತ್ಸುರು ಅವರ ಸಮಾಧಿ ಆ ಊರಿನ ಗುಡ್ಡದ ಮೇಲಿದೆ. 2014ರಲ್ಲಿ ಎನ್‌ಎಚ್‌ಕೆ ಇವರಿಬ್ಬರ ಬದುಕನ್ನು ಆಧರಿಸಿ ‘ಮಸ್ಸಾನ್’ ಧಾರಾವಾಹಿ ಮಾಡಿದಾಗ ಇಡೀ ದೇಶ ನೋಡಿತು. ವಿದೇಶದಲ್ಲಿ ದುಡಿಯುವವರ ಜೊತೆ ಹೋಗುವ ಗಂಡ ಅಥವಾ ಹೆಂಡತಿಗೆ ಭಾಷೆಯ ಕಷ್ಟ ದುಡಿಯುವವರಿಗಿಂತ ಹೆಚ್ಚು. ಕಂಪನಿ ಕೊಡುವ ಭಾಷಾ ತರಗತಿ ಅವರಿಗೂ ಸಿಗುವಂತೆ ಹೊರಡುವ ಮೊದಲೇ ಕೇಳಿ ಪಡೆಯಿರಿ.

10. ಸಸ್ಯಾಹಾರಿಗಳು ಚೀಟಿ ಇಟ್ಟುಕೊಳ್ಳಿ

ಮಾಂಸ ಬೇಡ ಎಂದರೆ ಮೀನು ಬರುತ್ತದೆ. ಮೀನೂ ಬೇಡ ಎಂದರೆ ಮೀನಿನ ಸಾರಲ್ಲಿ ಬೇಯಿಸಿದ ತರಕಾರಿ ಬರುತ್ತದೆ, ತೋಫುವಿನ ಮೇಲೆ ಒಣಮೀನಿನ ಹೆರೆ ಉದುರಿಸಿರುತ್ತಾರೆ. ‘ಮಾಂಸ, ಮೀನು, ಮೀನಿನ ಸಾರು, ಒಣಮೀನಿನ ಹೆರೆ ತಿನ್ನುವುದಿಲ್ಲ, ಮೊಟ್ಟೆ, ಹಾಲು ಆಗುತ್ತದೆ’ ಎಂದು ಜಪಾನಿಯಲ್ಲಿ ಬರೆಸಿದ ಚೀಟಿ ಪರ್ಸಿನಲ್ಲಿರಲಿ. ನೆಂಚಿಕೊಳ್ಳಲು ಕೇಳಬಹುದಾದವು: ಎಡಮಾಮೆ ಎಂಬ ಎಳೆ ಸೋಯಾ ಕಾಯಿ, ಉಪ್ಪಿನಲ್ಲಿ ಹಾಕಿದ ಸೌತೆ, ಸುಟ್ಟ ಶಿಶಿತೊ ಮೆಣಸಿನಕಾಯಿ, ಬಾರಿನಲ್ಲಾದರೆ ಗೋಡಂಬಿ, ಬಾದಾಮಿ, ಕಹಿ ಚಾಕೊಲೇಟ್. ಹೈಬಾಲಿನ ಜೊತೆ ಶಿಶಿತೊ ಬಹಳ ಚೆನ್ನ.

11. ಎಲ್ಲಿ ನಿಲ್ಲಬೇಕೆಂದು ಮೊದಲೇ ತಿಳಿದಿರಿ

ಕೊನೆಯ ರೈಲು ಮಧ್ಯರಾತ್ರಿಯ ಆಸುಪಾಸು. ತಪ್ಪಿದರೆ ಟ್ಯಾಕ್ಸಿಗೆ ತಿಂಗಳ ದಿನಸಿಯ ದುಡ್ಡು. ಪ್ರತಿ ಪೆಗ್ಗಿನ ಜೊತೆ ಅಷ್ಟೇ ನೀರು ಕುಡಿಯಿರಿ, ಕೇಳದೆಯೇ ಕೊಡುತ್ತಾರೆ. ಕುಡಿದು ವಾಹನ ನಡೆಸಿದವರಿಗೆ ಮಾತ್ರವಲ್ಲ, ಜೊತೆಗೆ ಕೂತವರಿಗೂ, ಗೊತ್ತಿದ್ದೂ ಕುಡಿಸಿದವರಿಗೂ ಶಿಕ್ಷೆಯಿದೆ. 2024ರ ನವೆಂಬರ್‌ನಿಂದ ಸೈಕಲ್ಲಿಗೂ ಬಿಗಿಯಾದ ನಿಯಮ ಬಂದಿದೆ: ಉಸಿರಿನ ಒಂದು ಲೀಟರಿನಲ್ಲಿ 0.15 ಮಿಲಿಗ್ರಾಂ ಮದ್ಯಸಾರ ಕಂಡರೆ 3 ವರ್ಷದವರೆಗೆ ಸೆರೆ ಅಥವಾ 5 ಲಕ್ಷ ಯೆನ್‌ವರೆಗೆ ದಂಡ. ನಮ್ಮವರು ನಿಲ್ದಾಣಕ್ಕೆ ಸೈಕಲ್ಲಿನಲ್ಲಿ ಹೋಗುವುದು ಹೆಚ್ಚು, ಅದಕ್ಕೇ ಹೇಳಿದೆ. ವೀಸಾದ ಮೇಲೆ ಬದುಕುವವರಿಗೆ ಪೊಲೀಸ್ ಪ್ರಕರಣ ಎಂದರೆ ಊರಿಗೆ ಟಿಕೆಟ್ ಎಂದೇ ತಿಳಿಯಿರಿ. ಕುಡಿಯುವ ವಯಸ್ಸು 20.

12. ಇಲ್ಲಿಂದ ಹೋಗುವಾಗ ಅಮೃತ್ ಒಯ್ಯಿರಿ

ಅಲ್ಲಿಂದ ತರುವುದರ ಬಗ್ಗೆ ಕೇಳುವವರು ಇಲ್ಲಿಂದ ಒಯ್ಯುವುದರ ಬಗ್ಗೆ ಕೇಳುವುದಿಲ್ಲ. ಭಾರತಕ್ಕೆ ಸುಂಕವಿಲ್ಲದೆ 2 ಲೀಟರ್ ತರಬಹುದು. 700 ಎಂ.ಎಲ್.ನ ಎರಡು, 500ರ ಫ್ರಮ್ ದ ಬ್ಯಾರಲ್ ಒಂದು, ಲೆಕ್ಕ ಸರಿ ಹೊಂದುತ್ತದೆ. ಜಪಾನಿಗೆ 760 ಎಂ.ಎಲ್.ನ ಮೂರು ಬಾಟಲಿ ಒಯ್ಯಬಹುದು. ಅದರಲ್ಲೊಂದು ಅಮೃತ್ ಫ್ಯೂಷನ್ ಇರಲಿ.

1948ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಜಗತ್ತಿಗೆ ತೋರಿಸಿದ್ದು ಗ್ಲಾಸ್ಗೋದಲ್ಲಿ, ತಾಕೆತ್ಸುರು ಓದಿದ ಅದೇ ಊರಿನಲ್ಲಿ. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾಗಿ ಹೋಗುತ್ತದೆ. ಮೈಸೂರು ರಸ್ತೆಯ ಕಂಬೀಪುರದ ಸೆಕೆಯಲ್ಲಿ ಅದು ಶೇ. 10 ದಾಟುತ್ತದೆ. ಹಾಗಾಗಿ ಅಲ್ಲಿ 12 ವರ್ಷ ಕಾಯಬೇಕಾದ ಮಾಗುವಿಕೆ ಇಲ್ಲಿ ನಾಲ್ಕೈದು ವರ್ಷದಲ್ಲಿ ಬರುತ್ತದೆ. ಜಪಾನೀಯರಿಗೆ ಈ ವಿಷಯ ಹೇಳಿದರೆ ಕುರ್ಚಿ ಮುಂದಕ್ಕೆಳೆದುಕೊಂಡು ಕೇಳುತ್ತಾರೆ. ಪೀಪಾಯಿಯ ಚಿತ್ರ ಬರೆದು, ಎರಡು ಊರಿನ ಹೆಸರು, ಎರಡು ಅಂಕಿ ಹಾಕಿದರೆ ಸಾಕು, ವ್ಯಾಕರಣ ಬೇಡ. ಬಾರ್ಲಿ ಎಲ್ಲಿಯದು, ಹೊಗೆ ಎಲ್ಲಿಂದ ಬಂತು, ಮಳೆಗಾಲದಲ್ಲಿ ಏನು ಮಾಡುತ್ತೀರಿ ಎಂದು ಅವರು ಕೇಳುತ್ತ ಹೋಗುತ್ತಾರೆ. ಬಾರ್ಲಿಗೆ ‘ಓಮುಗಿ’, ಪೀಪಾಯಿಗೆ ‘ತರು’, ಮಳೆಗಾಲಕ್ಕೆ ‘ತ್ಸುಯು’ ಎನ್ನುತ್ತಾರೆ. ಈ ಮೂರನ್ನು ವಿಮಾನದಲ್ಲೇ ಬಾಯಿಪಾಠ ಮಾಡಿಕೊಂಡು ಇಳಿಯಿರಿ. ಬಾಟಲಿಯನ್ನು ಚೆಕ್-ಇನ್ ಸೂಟ್‌ಕೇಸಿನ ನಡುವೆ ಸ್ವೆಟರಿನಲ್ಲಿ ಸುತ್ತಿಡಿ, ಕೈಚೀಲದಲ್ಲಿ ಬಿಡುವುದಿಲ್ಲ.